ಕಾಂದಿವಲಿಯ ಗ್ಯಾರೇಜಿನಲ್ಲಿ ಒಂದು ಮರದ ಕಾರು

ಮುಂಬಯಿಯಲ್ಲಿ ಹಳೆಯ ಕಟ್ಟಡವೊಂದು ರೀಡೆವಲಪ್‌ಮೆಂಟಿಗೆ ಹೋಗುತ್ತದೆ ಎಂದಾಗ ಮೊದಲು ಮಾತಿಗೆ ಬರುವುದು ಹೊಸ ಫ್ಲ್ಯಾಟಿನ ಕಾರ್ಪೆಟ್ ಏರಿಯಾ. ಆಮೇಲೆ ಬಿಲ್ಡರ್ ಕೊಡುವ ಬಾಡಿಗೆ, ಕಾರ್ಪಸ್ ಫಂಡ್, ಯಾರಿಗೆ ಯಾವ ಮಹಡಿ ಎಂಬ ಚರ್ಚೆ. ಗ್ಯಾರೇಜುಗಳ ಮಾತು ಬರುವುದು ಕಟ್ಟಕಡೆಗೆ. ಕಾಂದಿವಲಿ ಪೂರ್ವದ ನಮ್ಮ ಸೊಸೈಟಿಯಲ್ಲೂ ಹಾಗೆಯೇ ಆಯಿತು. 1980ರ ದಶಕದ ಆರಂಭದ ಕಟ್ಟಡ, ನೆಲಮಹಡಿಯಲ್ಲಿ ಶಟರ್ ಹಾಕಿದ ನಾಲ್ಕು ಗ್ಯಾರೇಜುಗಳು. ಮೂರರಲ್ಲಿ ಕೆಟ್ಟ ಫ್ರಿಜ್ಜು, ಗಣಪತಿ ಮಂಟಪದ ಥರ್ಮೋಕೋಲು, ಯಾರದೋ ಮದುವೆಯ ಪಾತ್ರೆಗಳು. ನಾಲ್ಕನೆಯದರಲ್ಲಿ ಒಂದು ಕಾರು. ಅದರ ಹಿಂದಿನ ಅರ್ಧಭಾಗ ಮರದ್ದು.

2024ರ ಜೂನ್ ಒಳಗೆ ಕಟ್ಟಡ ಖಾಲಿಯಾಗಬೇಕಿತ್ತು. ಕಾರಿನ ಒಡೆಯರು ನಮ್ಮ ಮೇಲಿನ ಮಹಡಿಯವರು, ಉಡುಪಿ ಕಡೆಯ ಹಿರಿಯರು, ಬ್ಯಾಂಕಿನಿಂದ ನಿವೃತ್ತರಾಗಿ ಬಹಳ ವರ್ಷವಾಗಿದೆ. ಅವರು ಗುಜರಿಯವನನ್ನು ಕರೆಸಿ ತೋರಿಸಿದರು. ಅವನು ಒಮ್ಮೆ ಸುತ್ತು ಹಾಕಿ, ಹಿಂಬದಿಯನ್ನು ಬೆರಳಿನಿಂದ ತಟ್ಟಿ, "ಮರದ ತೂಕ ಕಳೆದು ಉಳಿದ ಕಬ್ಬಿಣಕ್ಕೆ ದುಡ್ಡು ಕೊಡುತ್ತೇನೆ" ಎಂದ. ವ್ಯಾಪಾರದ ಲೆಕ್ಕದಲ್ಲಿ ಅದು ತಪ್ಪಲ್ಲ. ಆದರೆ ಆ ಕಾರಿನ ವಿಷಯದಲ್ಲಿ ಕಳೆಯಬಾರದ್ದು ಏನಾದರೂ ಇದ್ದರೆ ಅದು ಮರವೇ. ಹಿರಿಯರು ಅವನಿಗೆ ಚಹಾ ಕೊಟ್ಟು ಕಳಿಸಿದರು. ಆಮೇಲಿನ ಏಳು ತಿಂಗಳು ನಮ್ಮ ಭಾನುವಾರಗಳೆಲ್ಲ ಆ ಗ್ಯಾರೇಜಿನಲ್ಲೇ ಕಳೆದವು. ಹಳೆಯ ಕಾರನ್ನು ಮನೆಯಲ್ಲೇ ಸರಿಪಡಿಸುವುದು ಎಂದರೆ ಏನು, ಅದರಲ್ಲಿ ಮರವಿದ್ದರೆ ಕೆಲಸ ಹೇಗೆ ಬೇರೆಯಾಗುತ್ತದೆ ಎಂಬುದನ್ನು ಆಸಕ್ತರಿಗೆ ಹೇಳೋಣ ಎಂದು ಈ ಬರಹ.

ಯಾವ ಕಾರು ಇದು?

ಇದರ ಹೆಸರು ಮೋರಿಸ್ ಮೈನರ್ ಟ್ರಾವೆಲರ್. ಮೋರಿಸ್ ಮೈನರ್ ಮೊದಲು ಕಾಣಿಸಿಕೊಂಡದ್ದು 1948ರಲ್ಲಿ, ಲಂಡನ್ನಿನ ಅರ್ಲ್ಸ್ ಕೋರ್ಟ್ ಮೋಟಾರು ಪ್ರದರ್ಶನದಲ್ಲಿ. ವಿನ್ಯಾಸ ಅಲೆಕ್ ಇಸಿಗೋನಿಸ್ ಅವರದು. ಸ್ಮರ್ನಾದಲ್ಲಿ ಹುಟ್ಟಿ, ಯುದ್ಧದ ಗಲಭೆಯಲ್ಲಿ ಊರು ಬಿಟ್ಟು ಬ್ರಿಟನ್ನಿಗೆ ಬಂದು ನೆಲೆಸಿದ ವಲಸಿಗ. 1959ರ ಮಿನಿ ಕಾರು ಕೂಡ ಇವರದೇ. ಮೈನರ್ ಉತ್ಪಾದನೆಗೆ ಹೋಗುವ ಮೊದಲು ಇವರಿಗೆ ಅದು ತೀರ ಇಕ್ಕಟ್ಟು ಅನಿಸಿ, ಮಾದರಿ ಕಾರನ್ನು ಉದ್ದುದ್ದಕ್ಕೆ ಕತ್ತರಿಸಿ 4 ಅಂಗುಲ ಅಗಲ ಮಾಡಿಸಿದರಂತೆ. ಇಂದಿಗೂ ಬಾನೆಟ್ಟಿನ ನಡುವೆ ಕಾಣುವ ಪಟ್ಟಿ ಆ ಕತ್ತರಿಕೆಯ ಗುರುತು. ಹತ್ತು ಲಕ್ಷ ದಾಟಿದ ಮೊದಲ ಬ್ರಿಟಿಷ್ ಕಾರು ಇದು. 1971ರಲ್ಲಿ ನಿಲ್ಲುವ ಹೊತ್ತಿಗೆ ಸುಮಾರು 16 ಲಕ್ಷ ಕಾರುಗಳು ತಯಾರಾಗಿದ್ದವು.

ನಮ್ಮ ದೇಶಕ್ಕೂ ಇದು ಅಪರಿಚಿತವಲ್ಲ. 1950ರ ದಶಕದ ಮೊದಲ ವರ್ಷಗಳಲ್ಲಿ ಹಿಂದೂಸ್ತಾನ್ ಮೋಟಾರ್ಸ್ ಇದನ್ನು ಬಂಗಾಳದ ಉತ್ತರಪಾಡಾದಲ್ಲಿ ಜೋಡಿಸಿ 'ಬೇಬಿ ಹಿಂದೂಸ್ತಾನ್' ಎಂಬ ಹೆಸರಿನಲ್ಲಿ ಮಾರಿತ್ತು. ನಮಗೆಲ್ಲ ಗೊತ್ತಿರುವ ಅಂಬಾಸಿಡರ್ ಇದರ ಅಣ್ಣನಾದ ಮೋರಿಸ್ ಆಕ್ಸ್‌ಫರ್ಡ್‌ನ ಸಂತಾನ.

ಟ್ರಾವೆಲರ್ ಎಂಬುದು ಮೈನರಿನ ಎಸ್ಟೇಟ್ ರೂಪ. 1953ರಲ್ಲಿ ಬಂತು. ಬಾಗಿಲಿನ ತನಕ ಮುಂದಿನ ಭಾಗ ಎಲ್ಲ ಮೈನರುಗಳಂತೆ ಉಕ್ಕಿನದು. ಅಲ್ಲಿಂದ ಹಿಂದಕ್ಕೆ ಆಶ್ ಎಂಬ ಮರದ ಚೌಕಟ್ಟು, ಅದರ ನಡುನಡುವೆ ಅಲ್ಯೂಮಿನಿಯಂ ತಗಡಿನ ಹಲಗೆಗಳು, ಮೇಲೆ ಅಲ್ಯೂಮಿನಿಯಂ ಮಾಡು. ಬದಿಗಳಲ್ಲಿ ಸರಿಸುವ ಗಾಜು. ಹಿಂದೆ ಕಪಾಟಿನಂತೆ ಎರಡು ಕಡೆಗೆ ತೆರೆಯುವ ಬಾಗಿಲು. ದೂರದಿಂದ ನೋಡಿದರೆ ಕಾರಿಗೆ ಹಳೆಯ ಮನೆಯ ಕಿಟಕಿ ಜೋಡಿಸಿದ ಹಾಗೆ ಕಾಣುತ್ತದೆ. ಯುದ್ಧಾನಂತರದ ಬ್ರಿಟನ್ನಿನಲ್ಲಿ ಉಕ್ಕಿಗೆ ಅಭಾವವಿತ್ತು. ಕಡಿಮೆ ಸಂಖ್ಯೆಯಲ್ಲಿ ಹೋಗುವ ಎಸ್ಟೇಟ್ ಕಾರುಗಳಿಗೆ ಪ್ರತ್ಯೇಕ ಉಕ್ಕಿನ ಅಚ್ಚು ಮಾಡಿಸುವುದಕ್ಕಿಂತ ಮರಗೆಲಸದವರಿಂದ ಮಾಡಿಸುವುದು ಅಗ್ಗವೂ ಆಗಿತ್ತು. ಇಟಲಿಯ ಫಿಯೆಟ್ ಕೂಡ 1948ರಲ್ಲಿ ತನ್ನ ಪುಟ್ಟ 500 ಕಾರಿಗೆ ಮರದ ಬೆನ್ನು ಹಾಕಿ ಜಾರ್ದಿನಿಯೆರಾ ಎಂದು ಮಾರಿತ್ತು. ಉಳಿದವರು ಬೇಗ ಉಕ್ಕಿಗೆ ಹೋದರು. ಟ್ರಾವೆಲರ್ ಮಾತ್ರ ಕೊನೆಯವರೆಗೂ ಮರದಲ್ಲೇ ಉಳಿಯಿತು. ಎರಡು ಲಕ್ಷಕ್ಕೂ ಹೆಚ್ಚು ತಯಾರಾದವು.

ನಮ್ಮ ಗ್ಯಾರೇಜಿನದು 1959ರ ಕಾರು, 948 ಸಿ.ಸಿ. ಎಂಜಿನ್. ಹಿರಿಯರ ತಂದೆ ನೈರೋಬಿಯಲ್ಲಿ ರೈಲ್ವೆ ನೌಕರಿಯಲ್ಲಿದ್ದರು. ಕೀನ್ಯಾಕ್ಕೆ ಸ್ವಾತಂತ್ರ್ಯ ಬಂದ ಕೆಲವು ವರ್ಷಗಳ ನಂತರ ಕುಟುಂಬ ಮುಂಬಯಿಗೆ ಮರಳಿತು. ಆಗ ಮೊಂಬಾಸಾ ಮತ್ತು ಮುಂಬಯಿ ನಡುವೆ ಕರಂಜಾ, ಕಂಪಾಲಾ ಮುಂತಾದ ಹಡಗುಗಳು ಓಡಾಡುತ್ತಿದ್ದವು. ಹೀಗೆ ಮರಳಿದವರು ಹೊಲಿಗೆ ಯಂತ್ರ, ರೇಡಿಯೋ ತಂದಂತೆ ಇವರು ಕಾರನ್ನೂ ತಂದರು. ಬೇಸಿಗೆ ರಜೆಯಲ್ಲಿ ಏಳು ಜನ, ಎರಡು ಟ್ರಂಕು, ಒಂದು ಸ್ಟೌ ಹೊತ್ತು ಘಟ್ಟ ಇಳಿದು ಉಡುಪಿಗೆ ಹೋಗಿ ಬಂದ ಕಾರು ಇದು. 1990ರ ದಶಕದ ಮಧ್ಯದಲ್ಲಿ ನಿಂತಿತು, ಆಮೇಲೆ ಏಳಲಿಲ್ಲ.

ಮರ ಇಲ್ಲಿ ಅಲಂಕಾರವಲ್ಲ

ಕಾರಿನ ಮೇಲೆ ಮರ ಕಂಡಾಗ ನಾವು ಅದನ್ನು ಶೋಕಿ ಎಂದುಕೊಳ್ಳುತ್ತೇವೆ. ಇದೇ ಕಂಪನಿಯ ಮಿನಿ ಟ್ರಾವೆಲರಿನಲ್ಲಿ ಅದು ಶೋಕಿಯೇ. ಅಲ್ಲಿ ಉಕ್ಕಿನ ಮೈಮೇಲೆ ಮರದ ಪಟ್ಟಿ ಅಂಟಿಸಿದ್ದಾರೆ, ಕಿತ್ತು ಹಾಕಿದರೂ ಕಾರು ಓಡುತ್ತದೆ. ಮೈನರ್ ಟ್ರಾವೆಲರಿನಲ್ಲಿ ಹಾಗಲ್ಲ. ಮಾಡಿನ ಹಿಂಭಾಗ ನಿಂತಿರುವುದು ಮರದ ಮೇಲೆ. ಹಿಂದಿನ ಬಾಗಿಲುಗಳು ನೇತಾಡುವುದು ಮರದ ಕಂಬಕ್ಕೆ. ಹಿಂದಿನ ಮಡ್‌ಗಾರ್ಡುಗಳು ಸ್ಕ್ರೂ ಆಗಿರುವುದೂ ಮರಕ್ಕೇ. ಕೆಳಗಿನ ಅಡ್ಡಪಟ್ಟಿ ಉಕ್ಕಿನ ನೆಲಕ್ಕೆ ಬೋಲ್ಟ್ ಆಗಿ ಇಡೀ ಹಿಂಭಾಗವನ್ನು ಹಿಡಿದಿಡುತ್ತದೆ. ಬ್ರಿಟನ್ನಿನಲ್ಲಿ ವರ್ಷಕ್ಕೊಮ್ಮೆ ನಡೆಯುವ ವಾಹನ ತಪಾಸಣೆಯಲ್ಲಿ ಈ ಮರವನ್ನು ಷಾಸಿಯ ಉಕ್ಕನ್ನು ನೋಡಿದಂತೆಯೇ ನೋಡುತ್ತಾರೆ. ಭಾರ ಹೊರುವ ಜಾಗದಲ್ಲಿ ಮರ ಕೊಳೆತಿದ್ದರೆ ಕಾರು ಫೇಲು.

ಆಶ್ ಮರವನ್ನು ಆರಿಸಿದ್ದಕ್ಕೂ ಕಾರಣವಿದೆ. ಕ್ರಿಕೆಟ್ಟಿನ ಸ್ಟಂಪು, ಕೊಡಲಿಯ ಕಾವು, ಹಿಂದಿನ ಕಾಲದ ಟೆನಿಸ್ ರಾಕೆಟ್ಟು ಇವೆಲ್ಲ ಆಶ್ ಮರದವು. ಉದ್ದನೆಯ ನೇರ ಎಳೆ, ಹೊಡೆತ ಬಿದ್ದರೆ ಬಾಗಿ ಮತ್ತೆ ನೆಟ್ಟಗಾಗುವ ಗುಣ. ಹಳ್ಳಕೊಳ್ಳದ ರಸ್ತೆಯಲ್ಲಿ ಕುಲುಕುವ ಕಾರಿಗೆ ಹೇಳಿ ಮಾಡಿಸಿದ ಮರ. ಅದರ ದೌರ್ಬಲ್ಯ ಒಂದೇ, ನೀರು. ತೇಗಕ್ಕೆ ತನ್ನದೇ ಎಣ್ಣೆಯ ರಕ್ಷಣೆ ಇದೆ. ಆಶ್‌ಗೆ ಅಂಥದ್ದು ಏನೂ ಇಲ್ಲ. ಶಿಲೀಂಧ್ರವನ್ನು ತಡೆಯುವ ಶಕ್ತಿಯಲ್ಲಿ ಅದು ಮರಗಳ ಪೈಕಿ ಕೊನೆಯ ಸಾಲಿನದು.

ಈಗ ಇದನ್ನು ಮುಂಬಯಿಗೆ ತಂದು ನಿಲ್ಲಿಸಿ ಯೋಚಿಸಿ. ಮರ ಸುತ್ತಲಿನ ಗಾಳಿಯೊಡನೆ ತೇವವನ್ನು ಕೊಟ್ಟು ತೆಗೆದುಕೊಳ್ಳುತ್ತಿರುತ್ತದೆ. ಗಾಳಿಯ ಆರ್ದ್ರತೆ ಶೇಕಡಾ 65ರ ಆಸುಪಾಸಿನಲ್ಲಿದ್ದರೆ ಮರದೊಳಗಿನ ತೇವ ಶೇಕಡಾ 12ರಷ್ಟು. ಆರ್ದ್ರತೆ 85-90ಕ್ಕೆ ಏರಿ ವಾರಗಟ್ಟಲೆ ಅಲ್ಲೇ ನಿಂತರೆ ಮರದ ತೇವ 18-20ಕ್ಕೆ ಹೋಗುತ್ತದೆ. ಮರ ಕೊಳೆಸುವ ಶಿಲೀಂಧ್ರಕ್ಕೆ ಬೇಕಾದದ್ದು ಸುಮಾರು 20ಕ್ಕಿಂತ ಹೆಚ್ಚು. ಅಂದರೆ ನಮ್ಮ ಜುಲೈ-ಆಗಸ್ಟಿನಲ್ಲಿ ಬರೀ ಗಾಳಿಯೇ ಮರವನ್ನು ಅಪಾಯದ ಗೆರೆಯ ತನಕ ತಂದು ಬಿಡುತ್ತದೆ. ಅದರ ಮೇಲೆ ಒಂದು ಸಂದಿಯಲ್ಲಿ ನೀರು ನಿಂತರೆ ಸಾಕು.

ರೋಗ ಪತ್ತೆ

2023ರ ನವೆಂಬರ್ ಮೊದಲ ಭಾನುವಾರ ಕೆಲಸ ಶುರುವಾಯಿತು. ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿಯ ಆಯುಷ್ಯ ಮುಗಿದು ಒಂದು ವಾರವೂ ಆಗಿರಲಿಲ್ಲ. ಟ್ಯಾಕ್ಸಿಗಳಿಗೆ 20 ವರ್ಷದ ಮಿತಿ ಇರುವುದರಿಂದ, 2003ರ ಅಕ್ಟೋಬರ್ ಕೊನೆಯಲ್ಲಿ ನೋಂದಣಿಯಾದ ಕಡೆಯ ಪದ್ಮಿನಿ ಆ ಅಕ್ಟೋಬರ್ ಕೊನೆಯಲ್ಲಿ ರಸ್ತೆಯಿಂದ ಇಳಿದಿತ್ತು. ಕುರ್ಲಾದ ಕಾರ್ಖಾನೆಯಲ್ಲಿ ಹುಟ್ಟಿ, ಈ ನಗರವನ್ನೇ ಹೊತ್ತು ತಿರುಗಿದ ಕಾರಿನ ಬಗ್ಗೆ ಎಲ್ಲರೂ ಮಾತಾಡುತ್ತಿದ್ದ ದಿನಗಳು ಅವು. ಗ್ಯಾರೇಜಿನ ಶಟರ್ ಎತ್ತಿದ್ದನ್ನು ನೋಡಲು ಜನ ನಿಂತದ್ದಕ್ಕೆ ಅದೂ ಕಾರಣವಿರಬಹುದು.

ಟ್ರಾವೆಲರ್ 12 ಅಡಿಗಿಂತ ಸ್ವಲ್ಪ ಹೆಚ್ಚು ಉದ್ದ, 5 ಅಡಿಗಿಂತ ಸ್ವಲ್ಪ ಹೆಚ್ಚು ಅಗಲ. ಗ್ಯಾರೇಜಿನಲ್ಲಿ ಬದಿಗೆ ಒಬ್ಬ ಮನುಷ್ಯ ಅಡ್ಡವಾಗಿ ನಿಲ್ಲುವಷ್ಟೇ ಜಾಗ. ಪರೀಕ್ಷೆಗೆ ಬೇಕಾದ ಸಲಕರಣೆ ಎರಡೇ. ಒಂದು ಮೊನಚಾದ ಸ್ಕ್ರೂಡ್ರೈವರ್, ಇನ್ನೊಂದು ಮರದ ತೇವ ಅಳೆಯುವ ಚಿಕ್ಕ ಮೀಟರು. ಆರೋಗ್ಯವಾಗಿರುವ ಆಶ್ ಜೇನಿನ ಬಣ್ಣದ್ದು. ನೀರು ಕುಡಿದದ್ದು ಮೊದಲು ಬೂದು, ಆಮೇಲೆ ಕಪ್ಪು. ಕಪ್ಪಾದದ್ದೆಲ್ಲ ಕೆಟ್ಟದ್ದೆಂದಲ್ಲ. ಕೆಲವು ಕಡೆ ಅದು ಬರೀ ಕಲೆ, ಆಕ್ಸಾಲಿಕ್ ಆಮ್ಲದ ದ್ರಾವಣ ಹಚ್ಚಿ ತೊಳೆದರೆ ಹೋಗುತ್ತದೆ. ಅದು ವಿಷ, ಕೈಗವಸು, ಮುಖಕ್ಕೆ ಮಾಸ್ಕು ಇಲ್ಲದೆ ಮುಟ್ಟಬೇಡಿ. ಸ್ಕ್ರೂಡ್ರೈವರ್ ಒತ್ತಿದಾಗ ಬೆಣ್ಣೆಗೆ ಇಳಿದಂತೆ ಇಳಿದರೆ ಮಾತ್ರ ಆ ಭಾಗ ಮುಗಿಯಿತು ಎಂದು ಅರ್ಥ.

ನಮ್ಮ ಕಾರಿನಲ್ಲಿ ಹೋದದ್ದು ಎಡಬದಿಯ ಚೌಕಟ್ಟು ಪೂರ್ತಿ, ಬಲಬದಿಯ ಕೆಳಗಿನ ಅಡ್ಡಪಟ್ಟಿ, ಮತ್ತು ಹಿಂದಿನ ಬಲಮೂಲೆಯ ಕಂಬದ ಬುಡ. ಎಡಬದಿಗೇ ಯಾಕೆ ಅಷ್ಟು ಪೆಟ್ಟು ಎಂದು ನೋಡಿದರೆ, ಆ ಕಡೆಯ ಗೋಡೆಯೊಳಗೆ ಮೇಲಿನ ಮನೆಗಳ ನೀರಿನ ಪೈಪು. ಇನ್ನೊಂದು ಕಾರಣ ಕಾರಿನದೇ. ಸರಿಸುವ ಗಾಜಿನ ಕಾಲುವೆಯಲ್ಲಿ ನೀರು ಹೊರಹೋಗಲು ಸಣ್ಣ ರಂಧ್ರಗಳಿವೆ. ಧೂಳು ತುಂಬಿ ಅವು ಮುಚ್ಚಿದರೆ ಕಾಲುವೆ ತೊಟ್ಟಿಯಾಗುತ್ತದೆ. ಅದರ ಕೆಳಗೇ ಮರದ ಕೂಡುಗಳಿರುವುದು.

ಬಸ್ಸು ಕಟ್ಟಿದ ಕೈ

ಪೀಠೋಪಕರಣ ಮಾಡುವ ಬಡಗಿಗಳು ಕಾಂದಿವಲಿಯಲ್ಲಿ ಬೇಕಾದಷ್ಟು ಸಿಗುತ್ತಾರೆ. ಚಾರ್‌ಕೋಪ್ ಕಡೆ ಹೋದರೆ ಮಾಡ್ಯುಲರ್ ಕಿಚನ್ನು, ವಾರ್ಡ್‌ರೋಬು ಯಾವುದನ್ನಾದರೂ ವಾರದಲ್ಲಿ ಮಾಡಿಕೊಡುತ್ತಾರೆ. ಆದರೆ ಅವರ ಕೆಲಸವೆಲ್ಲ ಪ್ಲೈವುಡ್ಡು, ಲ್ಯಾಮಿನೇಟು, ಸ್ಕ್ರೂ. ನೇರ ಗೆರೆ, ಲಂಬ ಕೋನ. ಟ್ರಾವೆಲರಿನ ಚೌಕಟ್ಟಿನಲ್ಲಿ ನೇರ ಗೆರೆ ಎಂಬುದು ಅಪರೂಪ. ಕಂಬಗಳು ಮೇಲೆ ಹೋಗುತ್ತಾ ಒಳಕ್ಕೆ ವಾಲುತ್ತವೆ, ಚಕ್ರದ ಮೇಲಿನ ತುಂಡು ಬಿಲ್ಲಿನಂತೆ ಬಾಗಿದೆ, ಅಡ್ಡಪಟ್ಟಿ ಹಿಂದಕ್ಕೆ ಹೋಗುತ್ತಾ ದಪ್ಪ ಕಳೆದುಕೊಳ್ಳುತ್ತದೆ.

ಕೊನೆಗೆ ಸಿಕ್ಕಿದವರು ದಹಿಸರಿನಲ್ಲಿ ಮಗನ ಮನೆಯಲ್ಲಿದ್ದ, ಕುಂದಾಪುರ ಕಡೆಯ ಒಬ್ಬ ಆಚಾರ್ರು. ವಯಸ್ಸು ಎಪ್ಪತ್ತು ದಾಟಿದೆ. ಹರೆಯದಲ್ಲಿ ಕರಾವಳಿಯಲ್ಲಿ ಬಸ್ಸಿನ ಬಾಡಿ ಕಟ್ಟುತ್ತಿದ್ದವರು. ನಮ್ಮ ಕರಾವಳಿಯ ಬಸ್ಸಿನ ಕಥೆ ಗೊತ್ತಿರುವವರಿಗೆ ಇದರ ಅರ್ಥವಾದೀತು. ಮಂಗಳೂರಿನ ಸಿ.ಪಿ.ಸಿ. ಕಂಪನಿ 1914ರಲ್ಲೇ ಬಸ್ಸು ಓಡಿಸಲು ಶುರು ಮಾಡಿತ್ತು. ಆಮೇಲೆ ಶಂಕರ ವಿಠಲ್, ಹನುಮಾನ್ ಹೀಗೆ ಒಂದೊಂದಾಗಿ ಬಂದವು. ಆ ಕಾಲದಲ್ಲಿ ಕಂಪನಿಯಿಂದ ಬರುತ್ತಿದ್ದದ್ದು ಎಂಜಿನ್ನು, ಷಾಸಿ ಮಾತ್ರ. ಮೇಲಿನ ಮೈಯನ್ನು ಊರಿನ ಬಡಗಿಗಳು ಮರದ ಚೌಕಟ್ಟು ಕಟ್ಟಿ, ತಗಡು ಹೊದಿಸಿ ಮಾಡುತ್ತಿದ್ದರು. ಅಂದರೆ ಟ್ರಾವೆಲರ್ ಮಾಡಿದ ಇಂಗ್ಲೆಂಡಿನ ಬಡಗಿಗಳ ವಿದ್ಯೆಯೇ ನಮ್ಮೂರಿನಲ್ಲೂ ಇತ್ತು. ನಾವು ಕೂತು ಶಾಲೆಗೆ ಹೋದದ್ದು ಅದರೊಳಗೆ.

ಆಚಾರ್ರು ಕಾರನ್ನು ನೋಡಿ ಆಶ್ಚರ್ಯವನ್ನೇನೂ ಪಡಲಿಲ್ಲ. ಬಗ್ಗಿ ಕೆಳಗಿನ ಅಡ್ಡಪಟ್ಟಿ ಮುಟ್ಟಿ, "ಸಣ್ಣ ಬಸ್ಸು" ಎಂದರು. ಆಮೇಲೆ ಹೇಳಿದ ಮಾತು ನಮ್ಮ ಇಡೀ ಕೆಲಸದ ಸೂತ್ರವಾಯಿತು: "ನೀರ್ ಒಳ್ಗ್ ಬಪ್ಪುದ್ ತಪ್ಸುಕ್ ಆತಿಲ್ಲೆ, ಹೊರ್ಗ್ ಹೋಪುಕ್ ದಾರಿ ಕೊಡ್ಕ್." ನೀರು ಒಳಗೆ ಬರುವುದನ್ನು ತಪ್ಪಿಸಲಾಗದು, ಹೊರಗೆ ಹೋಗಲು ದಾರಿ ಕೊಡಬೇಕು. ಸಂದಿಗಳನ್ನೆಲ್ಲ ಸಿಲಿಕೋನಿನಿಂದ ಮುಚ್ಚಿಬಿಡೋಣ ಎಂದು ಬಂದು ಹೋದವರೆಲ್ಲ ಸಲಹೆ ಕೊಡುತ್ತಿದ್ದರು. ಮುಚ್ಚಿದರೆ ಒಳಗೆ ಸೇರಿದ ನೀರು ಅಲ್ಲೇ ನಿಲ್ಲುತ್ತದೆ. ಬಸ್ಸಿನ ಬಾಡಿಯಲ್ಲಿ ಕೆಳಗಿನ ಪಟ್ಟಿಗೆ ಸಣ್ಣ ಇಳಿಜಾರು, ತಳದಲ್ಲಿ ತೂತು ಇಡುವುದು ಅವರಿಗೆ ಮಾಮೂಲು.

ಆಶ್ ಅಥವಾ ತೇಗ?

ಹೊಸ ಮರ ಯಾವುದು ಎಂಬುದರ ಮೇಲೆ ಎರಡು ಭಾನುವಾರ ಚರ್ಚೆ ನಡೆಯಿತು. ಹಿರಿಯರಿಗೆ ತೇಗವೇ ಆಗಬೇಕು. ಕೊಳೆಯುವುದಿಲ್ಲ, ಗೆದ್ದಲು ಹತ್ತುವುದಿಲ್ಲ, ಮುಂಬಯಿಯಲ್ಲಿ ಸುಲಭವಾಗಿ ಸಿಗುತ್ತದೆ. ಆಚಾರ್ರು ದೋಣಿ ಕಟ್ಟುವ ಹೆಬ್ಬಲಸನ್ನೂ ಹೆಸರಿಸಿದರು. ನಾನು ಆಶ್ ಪರವಾಗಿದ್ದೆ. ಮೂರು ಕಾರಣ. ತೇಗ ಬಾಳಿಕೆಯ ಮರ ನಿಜ, ಆದರೆ ಹೊಡೆತ ತಿಂದು ಬಾಗುವ ಗುಣ ಆಶ್‌ನಷ್ಟಿಲ್ಲ, ತೆಳುವಾದ ಕೂಡುಗಳಲ್ಲಿ ಅದು ಮುಖ್ಯ. ಎರಡನೆಯದು, ತೇಗದ ಎಣ್ಣೆ ಅಂಟನ್ನು ಹಿಡಿಯಲು ಬಿಡುವುದಿಲ್ಲ. ಪ್ರತಿ ಕೂಡನ್ನೂ ಅಂಟಿಸುವ ಮೊದಲು ಅಸಿಟೋನಿನಲ್ಲಿ ಒರೆಸಬೇಕು. ಮೂರನೆಯದು, ಬಲಬದಿಯಲ್ಲಿ ಹಳೆಯ ಆಶ್ ಅರ್ಧ ಉಳಿಯುತ್ತಿತ್ತು. ಒಂದೇ ಚೌಕಟ್ಟಿನಲ್ಲಿ ಎರಡು ಜಾತಿಯ ಮರ ಇದ್ದರೆ ಮಳೆಗಾಲದಲ್ಲಿ ಎರಡೂ ಬೇರೆಬೇರೆ ಅಳತೆಯಲ್ಲಿ ಉಬ್ಬಿ ಕೂಡನ್ನು ಎಳೆದಾಡುತ್ತವೆ.

ಕೊನೆಯ ಕಾರಣಕ್ಕೆ ಆಚಾರ್ರು ತಲೆದೂಗಿದರು. ಕಾಂಡ್ಲಾ ಬಂದರಿನ ಮೂಲಕ ಬರುವ ಆಮದು ಆಶ್ ಹಲಗೆಗಳು ಟಿಂಬರ್ ವ್ಯಾಪಾರಿಗಳಲ್ಲಿ ಸಿಗುತ್ತವೆ, ಹೆಚ್ಚಾಗಿ ಪೀಠೋಪಕರಣಕ್ಕೆ ಹೋಗುವಂಥವು. ಕೊಳ್ಳುವಾಗ ನೋಡಬೇಕಾದದ್ದು ಎರಡು: ಒಲೆಯಲ್ಲಿ ಒಣಗಿಸಿದ ಮರವೇ, ಎಳೆ ಹಲಗೆಯ ಉದ್ದಕ್ಕೂ ನೇರವಾಗಿದೆಯೇ. ತಂದ ಹಲಗೆಗಳನ್ನು ಮೂರು ವಾರ ಅಡ್ಡಪಟ್ಟಿ ಇಟ್ಟು ಗಾಳಿಯಾಡುವಂತೆ ಗ್ಯಾರೇಜಿನಲ್ಲೇ ಪೇರಿಸಿಟ್ಟೆವು. ಮೀಟರು 12ಕ್ಕೆ ಇಳಿದ ಮೇಲೆಯೇ ಗರಗಸ ಮುಟ್ಟಿದ್ದು.

ಭಾನುವಾರಗಳ ಕೆಲಸ

ಸೊಸೈಟಿಯ ಷರತ್ತುಗಳು ಸ್ಪಷ್ಟವಾಗಿದ್ದವು. ಬೆಳಿಗ್ಗೆ 10ರಿಂದ ಮಧ್ಯಾಹ್ನ 1ರವರೆಗೆ ಮಾತ್ರ ಸದ್ದು, ಪೇಂಟಿಂಗ್ ಸ್ಪ್ರೇ ಇಲ್ಲ, ಪೆಟ್ರೋಲು ಶೇಖರಣೆ ಇಲ್ಲ. ದೊಡ್ಡ ಸೀಳುವಿಕೆ, ಹೆರೆಯುವಿಕೆ ಚಾರ್‌ಕೋಪಿನ ಒಂದು ಯಂತ್ರದಂಗಡಿಯಲ್ಲಿ ಮಾಡಿಸಿ ತಂದೆವು. ಉಳಿದದ್ದೆಲ್ಲ ಕೈಗೆಲಸ. ಉಳಿ, ಕೊಡತಿ, ಕೀಸುಳಿಗೆ ಸೊಸೈಟಿಯ ಯಾರೂ ಆಕ್ಷೇಪಿಸಲಿಲ್ಲ.

ಕೆಲಸದ ಕ್ರಮ ಹೀಗಿತ್ತು. ಮೊದಲು ಮರ ಮುಟ್ಟುವ ಮುಂಚೆ ಉಕ್ಕು. ಟ್ರಾವೆಲರಿನ ಹಿಂದಿನ ಎಲೆಸ್ಪ್ರಿಂಗು ಕೂರುವ ಜಾಗ ತುಕ್ಕು ಹಿಡಿಯುವುದಕ್ಕೆ ಹೆಸರಾದದ್ದು. ಆ ಕೆಲಸವನ್ನು ನಮ್ಮದೇ ಕಟ್ಟಡದ ನಿವೃತ್ತ ವೆಲ್ಡರ್ ಒಬ್ಬರು ವಹಿಸಿಕೊಂಡರು. ಆಕುರ್ಲಿ ರಸ್ತೆಯ ಉದ್ದಕ್ಕೂ ಜೀಪು, ಟ್ರ್ಯಾಕ್ಟರಿನ ಕೆಲಸ ಮಾಡಿ ನಿವೃತ್ತರಾದವರಿಗೆ ಕಾಂದಿವಲಿಯಲ್ಲಿ ಕೊರತೆಯಿಲ್ಲ. ಕೆಳಗಿನ ಉಕ್ಕು ಗಟ್ಟಿಯಿಲ್ಲದೆ ಮೇಲೆ ಹೊಸ ಮರ ಕೂರಿಸಿದರೆ ಅದು ಸಡಿಲ ಅಡಿಪಾಯದ ಮೇಲೆ ಮನೆ ಕಟ್ಟಿದ ಹಾಗೆ.

ಎರಡನೆಯದು ಆಧಾರ. ಒಂದು ಬದಿಯ ಚೌಕಟ್ಟು ತೆಗೆದರೆ ಮಾಡು ಕುಸಿಯಬಾರದು, ಬಾಗಿಲಿನ ತೆರಪು ಓರೆಯಾಗಬಾರದು. ಒಳಗೆ ಮರದ ತೊಲೆಗಳ ಆಧಾರ ಕೊಟ್ಟು, ಮೂಲೆಯಿಂದ ಮೂಲೆಗೆ ಅಳತೆ ತೆಗೆದು ಗೋಡೆಯ ಮೇಲೆ ಬರೆದಿಟ್ಟೆವು. ಎರಡೂ ಬದಿಯನ್ನು ಒಟ್ಟಿಗೆ ಬಿಚ್ಚಕೂಡದು ಎಂಬುದು ಟ್ರಾವೆಲರ್ ಸರಿಪಡಿಸುವವರೆಲ್ಲ ಹೇಳುವ ನಿಯಮ. ಒಂದು ಬದಿ ಬಿಚ್ಚಿದಾಗ ಇನ್ನೊಂದೇ ನಿಮಗೆ ನಕಾಶೆ.

ಮೂರನೆಯದು ಅಚ್ಚು. ಕೊಳೆತ ಪ್ರತಿ ತುಂಡನ್ನೂ ಒಡೆಯದಂತೆ ತೆಗೆದು, ತೆಳು ಪ್ಲೈವುಡ್ಡಿನ ಮೇಲೆ ಇಟ್ಟು ಆಕಾರ ಎಳೆದುಕೊಂಡೆವು. ಪುಡಿಯಾಗಿದ್ದ ಕಡೆ ಬಲಬದಿಯ ತುಂಡನ್ನು ನೋಡಿ ತಿರುಗಿಸಿ ಎಳೆದೆವು. ಇಂಗ್ಲೆಂಡಿನಿಂದ ಸಿದ್ಧ ಮರದ ಕಿಟ್ಟು ತರಿಸಬಹುದು, ಅಲ್ಲಿ ಇವತ್ತಿಗೂ ಮಾಡುತ್ತಾರೆ. ಆದರೆ ಸಾಗಣೆ, ಸುಂಕ ಸೇರಿದರೆ ಅದು ಕಾರಿನ ಬೆಲೆಯನ್ನೇ ಮೀರುವಂತಿತ್ತು.

ನಾಲ್ಕನೆಯದು ಕೂಡು. ಒಂದು ತುಂಡಿನ ನಾಲಿಗೆ ಇನ್ನೊಂದರ ಕಚ್ಚಿನೊಳಗೆ ಕೂರಬೇಕು, ತಟ್ಟಿದರೆ ಹೋಗಬೇಕು, ಬಿಟ್ಟರೆ ಬೀಳಬಾರದು. ಆಚಾರ್ರು ಪ್ರತಿಯೊಂದನ್ನೂ ಅಂಟಿಲ್ಲದೆ ಮೂರು ನಾಲ್ಕು ಸಲ ಕೂರಿಸಿ ನೋಡುತ್ತಿದ್ದರು. ಅಂಟು ಹಾಕಿದ್ದು ಇಡೀ ಬದಿ ಒಣಗಿದ ಜೋಡಣೆಯಲ್ಲಿ ಸರಿಯಾಗಿ ನಿಂತ ಮೇಲೆ. ಮನೆಯೊಳಗಿನ ಪೀಠೋಪಕರಣಕ್ಕೆ ಹಾಕುವ ಬಿಳಿ ಗೋಂದು ಇಲ್ಲಿ ನಡೆಯದು. ನೀರಿಗೆ ಜಗ್ಗದ ಎಪಾಕ್ಸಿ ಬೇಕು. ಸ್ಕ್ರೂಗಳೆಲ್ಲ ಸ್ಟೇನ್‌ಲೆಸ್. ಸಾಮಾನ್ಯ ಕಬ್ಬಿಣದ ಸ್ಕ್ರೂ ತುಕ್ಕು ಹಿಡಿದು ಸುತ್ತಲಿನ ಮರವನ್ನೂ ಕೆಡಿಸುತ್ತದೆ.

ಐದನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಕತ್ತರಿಸಿದ ತುದಿಗಳು. ಮರ ನೀರು ಕುಡಿಯುವುದು ಹೆಚ್ಚಾಗಿ ಮೈಯಿಂದಲ್ಲ, ಎಳೆಗಳ ಕೊನೆಯಿಂದ. ಹುಲ್ಲಿನ ಕಂತೆಯನ್ನು ನಿಲ್ಲಿಸಿ ನೀರಿನಲ್ಲಿಟ್ಟ ಹಾಗೆ ಅದು. ಪ್ರತಿ ತುಂಡಿನ ತುದಿ, ಪ್ರತಿ ಸ್ಕ್ರೂ ತೂತಿನ ಒಳಗೋಡೆ, ಉಕ್ಕಿಗೆ ತಾಗುವ ಹಿಂಬದಿ ಎಲ್ಲಕ್ಕೂ ತೆಳುವಾದ ಎಪಾಕ್ಸಿ ಕುಡಿಸಿದ ಮೇಲೆಯೇ ಜೋಡಣೆ. ಹೊರಮೈಗೆ ದೋಣಿಗೆ ಹಚ್ಚುವಂಥ, ಬಿಸಿಲು ತಡೆಯುವ ವಾರ್ನಿಷ್ ಐದು ಕೈ. ಕೆಳಗಿನ ಪಟ್ಟಿಯಲ್ಲಿ ಆಚಾರ್ರ ಇಳಿಜಾರು ಮತ್ತು ತೂತುಗಳು. ಅವು ಹೊರಗಿನಿಂದ ಕಾಣುವುದಿಲ್ಲ.

ಎಂ‌ಜಿನ್ನು, ಬಿಡಿಭಾಗ

ಮರಕ್ಕೆ ಹೋಲಿಸಿದರೆ ಎಂಜಿನ್ ಸುಲಭ. ಮಾಲಾಡಿನ ಒಬ್ಬ ಮೆಕ್ಯಾನಿಕ್, ಜೀವಮಾನವಿಡೀ ಪದ್ಮಿನಿ ಟ್ಯಾಕ್ಸಿಗಳನ್ನು ಮಾಡಿದವರು, ಬಾನೆಟ್ ಎತ್ತಿ ನೋಡಿ ಇದರಲ್ಲಿ ಇರುವುದೇ ಇಷ್ಟಾ ಎಂದು ನಕ್ಕರು. ಅವರಿಗೆ ನೆನಪಿಸಬೇಕಾದದ್ದು ಮೂರು ಸಂಗತಿ. ಇದರ ಬ್ಯಾಟರಿಯಲ್ಲಿ ಬಾಡಿಗೆ ಹೋಗುವುದು ಪಾಸಿಟಿವ್ ತಂತಿ, ಈಗಿನ ಕಾರುಗಳಿಗೆ ತದ್ವಿರುದ್ಧ. ಬ್ರೇಕಿನ ಮಾಸ್ಟರ್ ಸಿಲಿಂಡರ್ ಚಾಲಕನ ಕಾಲಡಿಯ ನೆಲದ ಕೆಳಗೆ ಅಡಗಿದೆ. ಮುಂದಿನ ಚಕ್ರದ ಕೆಳಗಿನ ಟ್ರನಿಯನ್ನಿಗೆ ಗ್ರೀಸು ತಪ್ಪಿಸಿದರೆ ಚಕ್ರವೇ ಮಡಚಿಕೊಳ್ಳುತ್ತದೆ.

ಇಂಧನದ್ದು ಇನ್ನೊಂದು ಸಮಸ್ಯೆ. ಈ ಎಂಜಿನ್ ಸೀಸ ಬೆರೆಸಿದ ಪೆಟ್ರೋಲಿನ ಕಾಲದ್ದು, ಅದು ನಮ್ಮಲ್ಲಿ 2000ದಲ್ಲೇ ನಿಂತಿತು. ಈಗ ಬಂಕಿನಲ್ಲಿ ಬರುವುದು ಶೇಕಡಾ 20 ಎಥೆನಾಲ್ ಬೆರೆತದ್ದು, ಹಳೆಯ ರಬ್ಬರನ್ನು ಅದು ತಿನ್ನುತ್ತದೆ. ಆದ್ದರಿಂದ ಹೆಡ್ಡಿಗೆ ಗಟ್ಟಿ ವಾಲ್ವ್ ಸೀಟು, ಪೆಟ್ರೋಲ್ ಪೈಪು ಮತ್ತು ಪಂಪಿನ ರಬ್ಬರುಗಳೆಲ್ಲ ಹೊಸವು.

ಬಿಡಿಭಾಗದ ವಿಷಯದಲ್ಲಿ ಓದುಗರಿಗೆ ಒಂದು ಕುತೂಹಲದ ಸಂಗತಿ. ಮೈನರುಗಳು ಶ್ರೀಲಂಕಾದಲ್ಲಿ ಇನ್ನೂ ಬಹಳ ಓಡುತ್ತವೆ. ಇಂಗ್ಲೆಂಡಿನ ಬಾತ್ ನಗರದಲ್ಲಿ ಮೋರಿಸ್ ಮೈನರ್ ಸೆಂಟರ್ ನಡೆಸುತ್ತಿದ್ದ ಚಾರ್ಲ್ಸ್ ವೇರ್, 1990ರ ದಶಕದಲ್ಲಿ ಶ್ರೀಲಂಕಾದಲ್ಲಿಯೇ ಡ್ಯೂರಬಲ್ ಕಾರ್ ಕಂಪನಿ ಎಂಬ ಹೆಸರಿನಲ್ಲಿ ಮೈನರಿನ ಬಿಡಿಭಾಗ ಮಾಡಿಸಿ ಇಂಗ್ಲೆಂಡಿಗೆ ತರಿಸಿದರು. ಇಂಗ್ಲೆಂಡಿನ ಕಾರಿಗೆ ಬೇಕಾದ ಕೈಗಳು ನಮ್ಮ ನೆರೆಯಲ್ಲೇ ಇದ್ದವು.

ಕಾಗದಪತ್ರ

ಕಾರು ಸರಿಯಾದರೂ ಆರ್.ಸಿ. ಯಾವಾಗಲೋ ಮುಗಿದಿತ್ತು. ಇಂಥ ಕಾರು ಇಟ್ಟುಕೊಂಡವರು 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ತಂದ ವಿಂಟೇಜ್ ವಾಹನ ನಿಯಮವನ್ನು ತಿಳಿದಿರಬೇಕು. ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಷಾಸಿ, ಬಾಡಿ, ಎಂಜಿನ್ನಿನಲ್ಲಿ ದೊಡ್ಡ ಮಾರ್ಪಾಡು ಮಾಡದ ಖಾಸಗಿ ವಾಹನಕ್ಕೆ ಇದು ಅನ್ವಯ. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000. ಹತ್ತು ವರ್ಷದ ಅವಧಿ. ಹೊಸ ನಂಬರುಗಳಲ್ಲಿ 'ವಿಎ' ಎಂಬ ಅಕ್ಷರ ಬರುತ್ತದೆ, ಮೊದಲೇ ನೋಂದಣಿಯಾದ ವಾಹನ ಹಳೆಯ ನಂಬರು ಉಳಿಸಿಕೊಳ್ಳಬಹುದು. ಆದರೆ ದಿನನಿತ್ಯದ ಓಡಾಟಕ್ಕೆ ಅವಕಾಶವಿಲ್ಲ. ಪ್ರದರ್ಶನ, ಸಂಶೋಧನೆ, ರ‍್ಯಾಲಿ, ಇಂಧನ, ರಿಪೇರಿ ಇಷ್ಟಕ್ಕೆ ಮಾತ್ರ. ಮಾರ್ಪಾಡು ಕೂಡದು ಎಂಬ ಮಾತು ಓದಿದಾಗ, ಅದೇ ಮರ, ಅದೇ ಆಕಾರ ಎಂದು ಪಟ್ಟು ಹಿಡಿದದ್ದಕ್ಕೆ ಸಮಾಧಾನವಾಯಿತು. ಹಿರಿಯರು ಅರ್ಜಿ ಸಲ್ಲಿಸಿದರು.

ಉಳಿದದ್ದು

2024ರ ಮೇ ಕೊನೆಯ ವಾರ, ಮಳೆಗೆ ಮೊದಲು, ಟ್ರಾವೆಲರ್ ತನ್ನದೇ ಎಂಜಿನ್ನಿನ ಬಲದಿಂದ ಗ್ಯಾರೇಜಿನಿಂದ ಹೊರಬಂದು ಕಾಂಪೌಂಡಿನೊಳಗೆ ಕಾದಿದ್ದ ಟ್ರಕ್ಕಿನ ಮೇಲೆ ಏರಿತು. ಆರ್.ಸಿ. ಬರುವ ತನಕ ರಸ್ತೆಗೆ ಇಳಿಸುವಂತಿರಲಿಲ್ಲ. ಅದು ಹೋದದ್ದು ನಾಸಿಕಿನ ಸಂಬಂಧಿಕರ ಶೆಡ್ಡಿಗೆ. ಮುಂಬಯಿಗಿಂತ ಒಣಹವೆ, ಮರಕ್ಕೆ ಒಳ್ಳೆಯದು. ಹೊಸ ಕಟ್ಟಡದಲ್ಲಿ ಬರುವುದು ಯಂತ್ರದಲ್ಲಿ ಎತ್ತಿಡುವ ಸ್ಟ್ಯಾಕ್ ಪಾರ್ಕಿಂಗ್. ಅಲ್ಲಿ ಶಟರ್ ಎಳೆದುಕೊಂಡು ಉಳಿ ಹಿಡಿಯುವ ಜಾಗ ಇರುವುದಿಲ್ಲ. ನಮ್ಮಂಥ ಉಪನಗರಗಳಲ್ಲಿ ಹಳೆಯ ಕಟ್ಟಡಗಳೊಂದಿಗೆ ಹೋಗುತ್ತಿರುವುದರಲ್ಲಿ ಇದೂ ಒಂದು. ಮನೆಯಲ್ಲಿ ಕೈಕೆಲಸ ಮಾಡಲು ಇದ್ದ ಆ ಹತ್ತು ಹದಿನೈದು ಅಡಿ.

ಆಚಾರ್ರ ಮಗ ಅಲ್ಯೂಮಿನಿಯಂ ಕಿಟಕಿಯ ಕೆಲಸದಲ್ಲಿದ್ದಾನೆ. ಒಳ್ಳೆಯ ಸಂಪಾದನೆ, ಅಪ್ಪನ ಉಳಿ ಹಿಡಿಯಲು ಅವನಿಗೆ ಕಾರಣವಿಲ್ಲ. ಬಸ್ಸಿನ ಬಾಡಿಗಳು ಉಕ್ಕಿಗೆ ಹೋದ ದಿನವೇ ಈ ವಿದ್ಯೆಗೆ ಗಿರಾಕಿ ಮುಗಿದಿದ್ದರು. ಕೊನೆಯ ಭಾನುವಾರ ನಾನು ಅವರಿಂದ ಒಂದು ಕೆಲಸ ಮಾಡಿಸಿಕೊಂಡೆ. ಪ್ಲೈವುಡ್ಡಿನ ಅಚ್ಚುಗಳ ಮೇಲೆ, ಯಾವ ತುಂಡು, ಯಾವ ಬದಿ, ಎಳೆ ಯಾವ ದಿಕ್ಕಿಗೆ, ಕಚ್ಚು ಎಷ್ಟು ಆಳ, ಇಳಿಜಾರು ಎಷ್ಟು ಎಂದು ಅವರ ಕೈಯಲ್ಲೇ ಪೆನ್ಸಿಲಿನಿಂದ ಬರೆಸಿದೆ. ಕನ್ನಡದಲ್ಲಿ, ಅಂಕಿ ಸಹಿತ. ಪ್ರತಿಯೊಂದನ್ನೂ ಅಳತೆಪಟ್ಟಿ ಇಟ್ಟು ಸ್ಕ್ಯಾನ್ ಮಾಡಿಟ್ಟಿದ್ದೇನೆ. ದೇಶದಲ್ಲಿ ಉಳಿದಿರುವ ಟ್ರಾವೆಲರುಗಳು ತೀರ ಕಡಿಮೆ ಇರಬೇಕು. ಆದರೆ ಆ ಅಚ್ಚಿನಲ್ಲಿರುವ ತಿಳಿವಳಿಕೆ ಒಂದು ಕಾರಿನದಲ್ಲ. ಊರಿನ ಮನೆಯಲ್ಲಿ ಹಳೆಯ ಜೀಪಿನ ಮರದ ನೆಲವೋ, ಬಸ್ಸಿನ ಬಾಡಿಯ ಚೌಕಟ್ಟೋ, ಕಿಟಕಿಯ ದಾರಂದವೋ ಕೊಳೆಯುತ್ತಿದ್ದರೆ ಅದಕ್ಕೂ ಬೇಕಾದದ್ದು ಇದೇ. ಕೇಳಿದವರಿಗೆ ಕಳಿಸಿಕೊಡಲು ಸಂತೋಷ. ಮುಂದಿನ ಮಳೆಗೆ ಮೊದಲು ಅಂಥ ಮರವಿರುವವರು ಒಂದು ಸಣ್ಣ ಕೆಲಸ ಮಾಡಿ: ತಂತಿಯ ಚೂರೊಂದನ್ನು ತೆಗೆದುಕೊಂಡು ನೀರು ಹೋಗುವ ತೂತುಗಳನ್ನೆಲ್ಲ ಒಮ್ಮೆ ಬಿಡಿಸಿಬಿಡಿ.